ಗೃಹಜೀವನದ ನಾಟಕಗಳೂ ರಾಜ್ಯಾಧಿಕಾರವೂ: ನೀಲದರ್ಪಣದಿಂದ ಕೀಚಕವಧದವರೆಗೆ

ನಾಟಕಗಳನ್ನು ಪೌರಾಣಿಕ, ಐತಿಹಾಸಿಕ, ಸಾಮಾಜಿಕ, ರಾಜಕೀಯ ಎಂದು ವಿಂಗಡಿಸುವುದು ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ರೂಢಿಯಾಗಿ ಬಂದಿದೆ. ಗೃಹಜೀವನವನ್ನು ಚಿತ್ರಿಸುವ ಕೃತಿ ಸಾಮಾಜಿಕವೆಂದೂ, ಸರಕಾರವನ್ನು ವಿಮರ್ಶಿಸುವ ಕೃತಿ ರಾಜಕೀಯವೆಂದೂ ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇವೆ. ಪಾಠದ ಅನುಕೂಲಕ್ಕೆ ಈ ವಿಭಾಗಕ್ರಮ ಸಾಕಾಗಬಹುದು. ಆದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಭಾರತೀಯ ರಂಗಭೂಮಿಯ ಚರಿತ್ರೆಯನ್ನು ಬರೆಯಹೊರಟವನಿಗೆ ಇದು ಅಷ್ಟು ಸಹಾಯಕವಾಗಲಾರದು. ಆ ಕಾಲದಲ್ಲಿ ಆಳುವವರನ್ನು ಅತಿಯಾಗಿ ಕೆರಳಿಸಿದ ನಾಟಕಗಳಲ್ಲಿ ರಾಜಸಭೆಯ ದೃಶ್ಯಗಳಿಗಿಂತ ಮನೆಯ ಪಡಸಾಲೆ, ಅಡಿಗೆಮನೆ, ಅಂತಃಪುರಗಳ ದೃಶ್ಯಗಳೇ ಪ್ರಮುಖವಾಗಿದ್ದುವು. ನಾಟಕಗಳನ್ನು ನಿಷೇಧಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟ 1876ರ ಶಾಸನದ ಹಿಂದಿನ ತತ್‌ಕ್ಷಣದ ಪ್ರಚೋದನೆಯೂ ಒಂದು ಮನೆಯ ಬಾಗಿಲಲ್ಲಿಯೇ ಹುಟ್ಟಿತು. ಮನೆಯ ಕಥೆಯೇ ರಾಜ್ಯದ ಕಥೆಯಾಗಿ ಕಂಡ ಈ ಸಂದರ್ಭವನ್ನು 1860ರಿಂದ 1910ರವರೆಗಿನ ಕೆಲವು ನಾಟಕಗಳ ಮೂಲಕ ಪರಿಶೀಲಿಸುವುದು, ಹಾಗೂ ಅದರಿಂದ ಯಾರಿಗೆ ಏನು ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂದು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಮೊದಲಿಗೆ ಬಂಗಾಳದ ನೀಲಿ ಕೃಷಿಯ ಸ್ವರೂಪವನ್ನು ತಿಳಿಯಬೇಕು. ಐರೋಪ್ಯ ತೋಟಗಾರರು ರೈತನಿಗೆ ಅಲ್ಪ ಮೊತ್ತದ ಮುಂಗಡವನ್ನು ಕೊಟ್ಟು, ಅವನ ಉತ್ತಮ ಭೂಮಿಯಲ್ಲಿ ನೀಲಿಯನ್ನು ಬಿತ್ತುವಂತೆ ಕರಾರು ಬರೆಯಿಸಿಕೊಳ್ಳುತ್ತಿದ್ದರು. ಈ ಮುಂಗಡಕ್ಕೆ ‘ದಾದನ’ವೆಂದು ಹೆಸರು. ಬೆಳೆಗೆ ದೊರೆಯುತ್ತಿದ್ದ ಬೆಲೆ ತೀರ ಕಡಮೆಯಾದುದರಿಂದ ಒಮ್ಮೆ ಪಡೆದ ಮುಂಗಡ ಲೆಕ್ಕದ ಪುಸ್ತಕದಿಂದ ತೊಡೆದುಹೋಗುತ್ತಿರಲಿಲ್ಲ. ತಂದೆಯ ಸಾಲ ಮಗನ ಹೆಸರಿಗೆ ಬರುತ್ತಿದ್ದಿತು. ಹೀಗೆ ನೀಲಿಯ ಕರಾರು ವ್ಯಕ್ತಿಯನ್ನಷ್ಟೆ ಕಟ್ಟಿಹಾಕದೆ ಮನೆತನವನ್ನೇ ಕಟ್ಟಿಹಾಕಿತು. 1859ರಲ್ಲಿ ರೈತರು ನೀಲಿಯನ್ನು ಬಿತ್ತುವುದಿಲ್ಲವೆಂದು ಸಾಮೂಹಿಕವಾಗಿ ನಿರಾಕರಿಸಿದರು. 1860ರಲ್ಲಿ ಸರಕಾರ ಒಂದು ಕಡೆ ವಿಚಾರಣಾ ಆಯೋಗವನ್ನು ನೇಮಿಸಿತು. ಇನ್ನೊಂದು ಕಡೆ, ಕರಾರು ಮುರಿದ ರೈತನನ್ನು ಮ್ಯಾಜಿಸ್ಟ್ರೇಟನು ಸಂಕ್ಷಿಪ್ತ ವಿಚಾರಣೆಯಿಂದಲೇ ಶಿಕ್ಷಿಸಬಹುದೆಂಬ ತಾತ್ಕಾಲಿಕ ಕಾಯಿದೆಯನ್ನೂ ಜಾರಿಗೆ ತಂದಿತು.

ಅದೇ ವರ್ಷ ಢಾಕಾದಲ್ಲಿ ಲೇಖಕನ ಹೆಸರಿಲ್ಲದೆ ‘ನೀಲದರ್ಪಣ’ ಪ್ರಕಟವಾಯಿತು. ಬರೆದವರು ಅಂಚೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ದೀನಬಂಧು ಮಿತ್ರರು. ಇಲಾಖೆಯ ಕೆಲಸಕ್ಕಾಗಿ ಊರೂರು ತಿರುಗುತ್ತಿದ್ದ ಅವರಿಗೆ ಗ್ರಾಮಜೀವನದ ಪರಿಚಯ ಚೆನ್ನಾಗಿದ್ದಿತು. ನಾಟಕದ ವಸ್ತು ಎರಡು ಕುಟುಂಬಗಳ ನಾಶ. ಒಂದು, ಅನುಕೂಲಸ್ಥನಾದ ಗೋಲೋಕಚಂದ್ರ ಬಸುವಿನ ಅವಿಭಕ್ತ ಕುಟುಂಬ: ಪತ್ನಿ ಸಾವಿತ್ರಿ, ಮಕ್ಕಳಾದ ನವೀನಮಾಧವ ಮತ್ತು ಬಿಂದುಮಾಧವ, ಸೊಸೆಯರಾದ ಸೈರಿಂಧ್ರಿ ಮತ್ತು ಸರಲತಾ. ಇನ್ನೊಂದು, ಸಾಮಾನ್ಯ ರೈತನಾದ ಸಾಧುಚರಣನ ಕುಟುಂಬ. ಅವನ ಮಗಳು ಕ್ಷೇತ್ರಮಣಿ. ತೋಟಗಾರನಾದ ವುಡ್ ಹೂಡಿಸಿದ ಸುಳ್ಳು ಮೊಕದ್ದಮೆಯಿಂದ ವೃದ್ಧ ಗೋಲೋಕಚಂದ್ರನು ಸೆರೆಮನೆ ಸೇರಿ ಅಲ್ಲಿಯೇ ನೇಣು ಹಾಕಿಕೊಳ್ಳುತ್ತಾನೆ. ಹಿರಿಯ ಮಗ ಪೆಟ್ಟು ತಿಂದು ಸಾಯುತ್ತಾನೆ. ಸಾವಿತ್ರಿಗೆ ಬುದ್ಧಿ ಕೆಡುತ್ತದೆ. ಆ ಸ್ಥಿತಿಯಲ್ಲಿ ಅವಳು ಕಿರಿಯ ಸೊಸೆಯನ್ನು ಕೊಂದು ತಾನೂ ಸಾಯುತ್ತಾಳೆ. ಗರ್ಭಿಣಿಯಾಗಿದ್ದ ಕ್ಷೇತ್ರಮಣಿಯ ಮೇಲೆ ರೋಗ್ ಎಂಬ ಇನ್ನೊಬ್ಬ ತೋಟಗಾರನು ಕೈಮಾಡುತ್ತಾನೆ. ತೋರಾಪನೆಂಬ ಮುಸಲ್ಮಾನ ರೈತನೂ ನವೀನಮಾಧವನೂ ಬಂದು ಅವಳನ್ನು ಬಿಡಿಸಿದರೂ ಅವಳು ಬದುಕಿ ಉಳಿಯುವುದಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆಯೋಗದ ಮುಂದೆ ಬಂದ ಸಾಕ್ಷ್ಯಗಳಲ್ಲಿ ಬಿಘೆಯ ಲೆಕ್ಕ, ಮುಂಗಡದ ಮೊತ್ತ, ಬೆಳೆಯ ಬೆಲೆ ಇವುಗಳಿಗೆ ಹೆಚ್ಚಿನ ಸ್ಥಾನ. ನಾಟಕಕಾರರು ಈ ಲೆಕ್ಕವನ್ನು ಬಿಡಲಿಲ್ಲ. ಆದರೆ ಅದನ್ನು ಮನೆಯೊಳಕ್ಕೆ ತಂದು, ಹೆಂಗಸರ ಮಾತುಕತೆಯಲ್ಲಿ, ಊಟಕ್ಕೆ ಏಳದ ಗಂಡಸಿನ ಮೌನದಲ್ಲಿ, ಒಡವೆಯನ್ನು ಅಡವಿಡಲು ಮುಂದಾಗುವ ಸೊಸೆಯ ನಡೆಯಲ್ಲಿ ತೋರಿಸಿದರು. ಹಿರಿಯ ಸೊಸೆಗೆ ಸೈರಿಂಧ್ರಿ ಎಂಬ ಹೆಸರಿಟ್ಟುದು ಆಕಸ್ಮಿಕವೆಂದು ಈ ಲೇಖಕನಿಗೆ ತೋರುವುದಿಲ್ಲ. ಪಾಂಡವರ ಅಜ್ಞಾತವಾಸದಲ್ಲಿ, ಪರರ ಮನೆಯಲ್ಲಿ, ಕೀಚಕನ ಕಣ್ಣಿಗೆ ಬಿದ್ದ ದ್ರೌಪದಿಯ ಹೆಸರು ಅದು. ಆ ಹೆಸರನ್ನು ಕೇಳಿದ ಪ್ರೇಕ್ಷಕನಿಗೆ, ಈ ಮನೆ ತನ್ನದೇ ನೆಲದಲ್ಲಿ ಅಜ್ಞಾತವಾಸದಲ್ಲಿದೆ ಎಂಬ ಸೂಚನೆ ದೊರೆಯದಿರಲು ಸಾಧ್ಯವಿರಲಿಲ್ಲ. ಈ ಸೂಚನೆ ಅರ್ಧ ಶತಮಾನದ ಅನಂತರ ಮರಾಠಿ ರಂಗಭೂಮಿಯ ಮೇಲೆ ಸ್ಪಷ್ಟ ರೂಪವನ್ನು ತಾಳಿತು. ಅದನ್ನು ಮುಂದೆ ನೋಡೋಣ.

2

1861ರಲ್ಲಿ ಪಾದ್ರಿ ಜೇಮ್ಸ್ ಲಾಂಗರು ಈ ನಾಟಕದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಅನುವಾದವನ್ನು ಮಾಡಿದವರು ಮೈಕೇಲ್ ಮಧುಸೂದನ ದತ್ತರೆಂಬುದು ಬಹುಕಾಲದಿಂದ ಬಂದಿರುವ ನಂಬಿಕೆ. ನೀಲಿ ಆಯೋಗದ ಅಧ್ಯಕ್ಷರಾಗಿದ್ದು, ಆಗ ಬಂಗಾಳ ಸರಕಾರದ ಕಾರ್ಯದರ್ಶಿಯಾಗಿದ್ದ ಸೀಟನ್ ಕಾರ್ ಅವರ ಒಪ್ಪಿಗೆಯಿಂದ ಪ್ರತಿಗಳು ಸರಕಾರಿ ಅಂಚೆಯಲ್ಲಿಯೇ ರವಾನೆಯಾದುವು. ತೋಟಗಾರರೂ ಅವರ ಪಕ್ಷದ ಪತ್ರಿಕೆಯವರೂ ಲಾಂಗರ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿದರು. ಕಲ್ಕತ್ತೆಯ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶ ಮಾರ್ಡಂಟ್ ವೆಲ್ಸರ ಮುಂದೆ 1861ರ ಜುಲೈ ತಿಂಗಳಲ್ಲಿ ವಿಚಾರಣೆ ನಡೆದು, ಲಾಂಗರಿಗೆ ಒಂದು ತಿಂಗಳ ಸೆರೆ ಹಾಗೂ 1000 ರೂಪಾಯಿ ದಂಡ ವಿಧಿಸಲ್ಪಟ್ಟಿತು. ದಂಡದ ಹಣವನ್ನು ಕಾಲೀಪ್ರಸನ್ನ ಸಿಂಹರು ಕೂಡಲೆ ತೆತ್ತರು. ಸೀಟನ್ ಕಾರರೂ ತೀವ್ರ ಆಕ್ಷೇಪಣೆಗೆ ಗುರಿಯಾಗಿ ಕಾರ್ಯದರ್ಶಿಯ ಸ್ಥಾನದಿಂದ ಇಳಿಯಬೇಕಾಯಿತು.

ಈ ಮೊಕದ್ದಮೆಯ ವಿವರಗಳು ನಮ್ಮ ವಿಷಯಕ್ಕೆ ಬಹಳ ಸಂಬಂಧಪಟ್ಟಿವೆ. ನಾಟಕದ ಮುನ್ನುಡಿಯಲ್ಲಿ ಪತ್ರಿಕಾ ಸಂಪಾದಕರು ಹಣಕ್ಕೆ ಮಾರಿಕೊಂಡರೆಂಬ ಆರೋಪವಿದ್ದಿತು. ಅದು ಆಕ್ಷೇಪಣೆಯ ಒಂದು ಭಾಗ. ಆದರೆ ನ್ಯಾಯಾಲಯದಲ್ಲಿ ಹೆಚ್ಚಿನ ಕೋಪವನ್ನು ಎಬ್ಬಿಸಿದ್ದು ಮತ್ತೊಂದು ಭಾಗ. ತೋಟಗಾರನ ಹೆಂಡತಿ ಮ್ಯಾಜಿಸ್ಟ್ರೇಟನೊಡನೆ ಸಲಿಗೆಯಿಂದಿದ್ದು, ಅವನ ಮೇಲೆ ಪ್ರಭಾವ ಬೀರುತ್ತಾಳೆಂಬ ಅರ್ಥ ಬರುವ ಕೆಲವು ಮಾತುಗಳನ್ನು ನಾಟಕದ ಹಳ್ಳಿಯ ಹೆಂಗಸರು ಆಡುತ್ತಾರೆ. ಇದು ಆಂಗ್ಲ ಸ್ತ್ರೀಯರ ಶೀಲಕ್ಕೆ ಮಾಡಿದ ಅಪಮಾನವೆಂದು ನ್ಯಾಯಾಧೀಶರು ಪರಿಗಣಿಸಿದರು. ಕ್ಷೇತ್ರಮಣಿಗಾದ ಅನ್ಯಾಯ ಸತ್ಯವೋ ಕಲ್ಪಿತವೋ ಎಂಬ ಪ್ರಶ್ನೆಗಿಂತ ಸಾಹೇಬರ ಬಂಗಲೆಯ ಗೌರವದ ಪ್ರಶ್ನೆ ದೊಡ್ಡದಾಯಿತು. ರೈತನ ಮನೆಯ ಮಾನವನ್ನು ನಾಟಕಕಾರರು ಎತ್ತಿಹಿಡಿದರು; ತೋಟಗಾರರು ತಮ್ಮ ಮನೆಯ ಮಾನವನ್ನು ಎತ್ತಿಹಿಡಿದರು. ಎರಡು ಪಕ್ಷಗಳೂ ಒಂದೇ ಭಾಷೆಯಲ್ಲಿ ವಾದಿಸಿದುವು. ದೇಶೀಯರ ಮನಸ್ಸಿನಲ್ಲಿರುವುದು ಆಳುವವರಿಗೆ ತಿಳಿಯಬೇಕೆಂಬುದೇ ತಮ್ಮ ಉದ್ದೇಶವೆಂದು ಲಾಂಗರು ಹೇಳಿಕೊಂಡರು. ನ್ಯಾಯಾಲಯದಲ್ಲಿ ಅದಕ್ಕೆ ಬೆಲೆ ಬರಲಿಲ್ಲ.

3

ಇಷ್ಟೆಲ್ಲ ನಡೆದುದು ಮುದ್ರಿತ ಪುಸ್ತಕದ ವಿಷಯವಾಗಿ. ರಂಗದ ಮೇಲಿನ ನೀಲದರ್ಪಣದ ಚರಿತ್ರೆ ಬೇರೆಯಾದುದು. 1872ರ ಡಿಸೆಂಬರ್ 7ರಂದು ಕಲ್ಕತ್ತೆಯ ಜೋಡಾಸಾಂಕೋದಲ್ಲಿ, ಮಧುಸೂದನ ಸಾನ್ಯಾಲರ ಮನೆಯ ಅಂಗಳದಲ್ಲಿ, ‘ನ್ಯಾಷನಲ್ ಥಿಯೇಟರ್’ ಇದೇ ನಾಟಕದಿಂದ ಆರಂಭವಾಯಿತು. ಅದುವರೆಗೆ ಕಲ್ಕತ್ತೆಯ ಬಂಗಾಳಿ ನಾಟಕಗಳು ಬಹುಮಟ್ಟಿಗೆ ಶ್ರೀಮಂತರ ಮನೆಗಳಲ್ಲಿ, ಆಮಂತ್ರಿತರ ಮುಂದೆ ನಡೆಯುತ್ತಿದ್ದುವು. ಟಿಕೆಟಿನ ಹಣ ಕೊಟ್ಟ ಯಾರು ಬೇಕಾದರೂ ಬಂದು ಕುಳಿತುಕೊಳ್ಳಬಹುದಾದ ರಂಗಭೂಮಿ ಇದರಿಂದ ಸ್ಥಾಪಿತವಾಯಿತು. ಮನೆಯ ಅಂಗಳದಲ್ಲಿ, ಮನೆಯ ನಾಶದ ಕಥೆಯಿಂದ, ಸಾರ್ವಜನಿಕ ರಂಗಭೂಮಿ ಪ್ರಾರಂಭವಾದುದು ಸ್ಮರಣೀಯವಾದ ಸಂಗತಿ.

ಪುಸ್ತಕಕ್ಕಿಂತ ಪ್ರದರ್ಶನದ ಶಕ್ತಿ ಎಷ್ಟು ಹೆಚ್ಚಿನದೆಂಬುದಕ್ಕೆ 1875ರ ಲಖನೌ ಪ್ರಸಂಗವೇ ನಿದರ್ಶನ. ‘ಗ್ರೇಟ್ ನ್ಯಾಷನಲ್ ಥಿಯೇಟರ್’ ಮಂಡಲಿ ಅಲ್ಲಿ ನೀಲದರ್ಪಣವನ್ನು ಆಡಿತು. ಪ್ರೇಕ್ಷಕರಲ್ಲಿ ಐರೋಪ್ಯರೂ ಇದ್ದರು. ರೋಗ್ ಸಾಹೇಬನು ಕ್ಷೇತ್ರಮಣಿಯನ್ನು ಹಿಡಿದೆಳೆಯುವ, ತೋರಾಪನು ಅವನನ್ನು ಥಳಿಸುವ ದೃಶ್ಯ ಬಂದಾಗ ಗೋರಾ ಸೈನಿಕರು ರೇಗಿ ರಂಗದ ಮೇಲಕ್ಕೆ ನುಗ್ಗಿದರು, ಪ್ರದರ್ಶನ ನಿಂತುಹೋಯಿತು. ಆ ಮಂಡಲಿಯಲ್ಲಿದ್ದ ನಟಿ ವಿನೋದಿನಿ ದಾಸಿಯು ಮುಂದೆ ತನ್ನ ಆತ್ಮಕಥನದಲ್ಲಿ ಅಂದಿನ ರಾತ್ರಿಯ ಭೀತಿಯನ್ನು ವರ್ಣಿಸಿದ್ದಾಳೆ.

4

1875ರ ಕೊನೆಯಲ್ಲಿ ವೇಲ್ಸ್ ರಾಜಕುಮಾರನು, ಎಂದರೆ ಮುಂದಿನ ಏಳನೆಯ ಎಡ್ವರ್ಡ್, ಕಲ್ಕತ್ತೆಗೆ ಬಂದನು. 1876ರ ಜನವರಿಯಲ್ಲಿ, ವಕೀಲರೂ ಶಾಸನಸಭೆಯ ಸದಸ್ಯರೂ ಆಗಿದ್ದ ಜಗದಾನಂದ ಮುಖೋಪಾಧ್ಯಾಯರು ಅವನನ್ನು ಭವಾನೀಪುರದ ತಮ್ಮ ಮನೆಗೆ ಬರಮಾಡಿಕೊಂಡರು. ಮನೆಯ ಹೆಂಗಸರು ಸಾಂಪ್ರದಾಯಿಕ ರೀತಿಯಲ್ಲಿ ರಾಜಕುಮಾರನನ್ನು ಸ್ವಾಗತಿಸಿದರು. ಅಂತಃಪುರದ ಬಾಗಿಲನ್ನು ವಿದೇಶೀ ಪುರುಷನಿಗೆ ತೆರೆದರೆಂದು ಊರಿನಲ್ಲಿ ಕೋಲಾಹಲವೆದ್ದಿತು. ಫೆಬ್ರವರಿ 19ರಂದು ಗ್ರೇಟ್ ನ್ಯಾಷನಲ್ ಥಿಯೇಟರಿನಲ್ಲಿ ‘ಗಜದಾನಂದ’ನೆಂಬ ಪಾತ್ರವುಳ್ಳ ಪ್ರಹಸನವೊಂದು ಆಡಲ್ಪಟ್ಟಿತು. ಹೆಸರಿನ ಅಕ್ಷರಗಳನ್ನು ಸ್ವಲ್ಪ ಬದಲಾಯಿಸಿದ್ದರೂ ಗುರಿ ಯಾರೆಂಬುದು ಎಲ್ಲರಿಗೂ ತಿಳಿದಿದ್ದಿತು. ಪೊಲೀಸರು ತಡೆದರು, ಮಂಡಲಿಯವರು ಹೆಸರನ್ನು ಬದಲಾಯಿಸಿ ಅದನ್ನೇ ಮತ್ತೆ ಆಡಿದರು, ಅದನ್ನೂ ತಡೆದಾಗ ಪೊಲೀಸ್ ಅಧಿಕಾರಿಗಳನ್ನೇ ಹಾಸ್ಯ ಮಾಡುವ ಮತ್ತೊಂದು ಪ್ರಹಸನವನ್ನು ರಂಗಕ್ಕೆ ತಂದರು.

ಫೆಬ್ರವರಿ 29ರಂದು ವೈಸರಾಯ್ ನಾರ್ತ್‌ಬ್ರೂಕರು ಸುಗ್ರೀವಾಜ್ಞೆಯೊಂದನ್ನು ಹೊರಡಿಸಿದರು. ಮಾರ್ಚ್ ಮೊದಲ ವಾರದಲ್ಲಿ ಪೊಲೀಸರು ರಂಗಮಂದಿರಕ್ಕೆ ನುಗ್ಗಿ ನಟರನ್ನೂ ವ್ಯವಸ್ಥಾಪಕರನ್ನೂ ಬಂಧಿಸಿದರು. ಆರೋಪ ಹೊರಿಸಿದ್ದು ಮಾತ್ರ ಗಜದಾನಂದದ ಮೇಲಲ್ಲ. ಉಪೇಂದ್ರನಾಥ ದಾಸರ ‘ಸುರೇಂದ್ರ-ವಿನೋದಿನಿ’ಯಲ್ಲಿ ಆಂಗ್ಲ ಮ್ಯಾಜಿಸ್ಟ್ರೇಟನೊಬ್ಬನು ದೇಶೀಯ ಯುವತಿಯ ಮೇಲೆ ಕೈಮಾಡಲು ಯತ್ನಿಸುವ ಪ್ರಸಂಗವಿದೆ; ಆ ನಾಟಕ ಅಶ್ಲೀಲವೆಂದು ಮೊಕದ್ದಮೆ ನಡೆಯಿತು. ಉಪೇಂದ್ರನಾಥ ದಾಸರಿಗೂ ಅಮೃತಲಾಲ ಬಸುವಿಗೂ ಒಂದು ತಿಂಗಳ ಸಾದಾ ಸಜೆಯಾಯಿತು; ಹೈಕೋರ್ಟು ಅದನ್ನು ರದ್ದುಮಾಡಿತು. ಹಳೆಯ ಕಾನೂನಿನಿಂದ ಕೆಲಸ ಸಾಗುವುದಿಲ್ಲವೆಂದು ಇದರಿಂದ ಸರಕಾರಕ್ಕೆ ಮನವರಿಕೆಯಾಗಿ, ಅದೇ ವರ್ಷದ ಡಿಸೆಂಬರಿನಲ್ಲಿ ನಾಟಕ ಪ್ರದರ್ಶನಗಳ ಕಾಯಿದೆ ಅಂಗೀಕೃತವಾಯಿತು.

ಈ ಕಾಯಿದೆಯ ಮೂರನೆಯ ವಿಧಿಯನ್ನು ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ಅದರಂತೆ ಮೂರು ಬಗೆಯ ನಾಟಕಗಳನ್ನು ನಿಷೇಧಿಸಬಹುದು: ಮಾನಹಾನಿಕರವಾದುವು, ಸರಕಾರದ ಮೇಲೆ ಅಪ್ರೀತಿಯನ್ನು ಹುಟ್ಟಿಸಬಹುದಾದುವು, ನೋಡುವವರ ನೀತಿಯನ್ನು ಕೆಡಿಸಬಹುದಾದುವು. ಮೇಲುನೋಟಕ್ಕೆ ಇವು ಪರಸ್ಪರ ಸಂಬಂಧವಿಲ್ಲದ ಅಪರಾಧಗಳು. ಮೊದಲನೆಯದು ವ್ಯಕ್ತಿಯ ಮರ್ಯಾದೆಗೆ, ಎರಡನೆಯದು ರಾಜ್ಯಕ್ಕೆ, ಮೂರನೆಯದು ಸಭ್ಯತೆಗೆ ಸೇರಿದುದು. ಆದರೆ ಹಿಂದಿನ ಹದಿನೈದು ವರ್ಷಗಳ ಘಟನೆಗಳನ್ನು ಬಲ್ಲವರಿಗೆ ಇವು ಮೂರೂ ಒಂದೇ ವಿಧಿಯಲ್ಲಿ ಸೇರಿದ ಕಾರಣ ಸ್ಪಷ್ಟವಾಗುತ್ತದೆ. ಲಾಂಗರ ಮೇಲಿನ ಆರೋಪ ಮಾನಹಾನಿ. ಲಖನೌ ರಂಗದ ಮೇಲೆ ಕಂಡುದು ಅಪ್ರೀತಿ. ಸುರೇಂದ್ರ-ವಿನೋದಿನಿಯ ಮೇಲಿನ ಆರೋಪ ಅಶ್ಲೀಲತೆ. ಮೂರರ ಮೂಲದಲ್ಲಿಯೂ ಇದ್ದುದು ಒಂದೇ ಬಗೆಯ ದೃಶ್ಯ: ಅಧಿಕಾರವುಳ್ಳ ಪುರುಷನೊಬ್ಬನು ಆಳಲ್ಪಡುವವರ ಮನೆಯೊಳಗೆ ಕಾಲಿಡುವುದು. ಸಾಮಾಜಿಕ ನಾಟಕವನ್ನೂ ರಾಜಕೀಯ ನಾಟಕವನ್ನೂ ಬೇರ್ಪಡಿಸಲು ಬಾರದೆಂಬುದನ್ನು ವಿಮರ್ಶಕರಿಗಿಂತ ಮೊದಲು ಕಂಡುಕೊಂಡವರು ಶಾಸನಕರ್ತರೆಂದು ಹೇಳಬೇಕಾಗುತ್ತದೆ.

5

ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸಿದ ಈ ಕಾಯಿದೆ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ ಹಾಗೂ ಉತ್ತರ ಕನ್ನಡ ಜಿಲ್ಲೆಗಳಿಗೂ ಸಂಬಂಧಿಸಿದ್ದಿತು. ಇವುಗಳಲ್ಲಿ ಉತ್ತರ ಕನ್ನಡದ ಕರ್ಕಿಯ ಹೆಸರು ರಂಗಭೂಮಿಯ ಚರಿತ್ರೆಯಲ್ಲಿ ಎರಡು ಸಲ ಬರುತ್ತದೆ. 1842ರಲ್ಲಿ ಕರ್ಕಿಯ ಭಾಗವತ ಮೇಳ ಸಾಂಗಲಿಯಲ್ಲಿ ಆಡಿದ ಆಟವೇ ಮರುವರ್ಷ ವಿಷ್ಣುದಾಸ ಭಾವೆಯವರ ಮೊದಲ ಮರಾಠಿ ನಾಟಕಕ್ಕೆ ಪ್ರೇರಣೆಯಾಯಿತೆಂಬುದು ಪ್ರಸಿದ್ಧ. ಅದೇ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಪ್ರಕಟಿಸಿದರು. ಹವ್ಯಕರ ಆಡುಮಾತನ್ನು ಬಳಸಿ, ಅವರಲ್ಲಿದ್ದ ಕನ್ಯಾವಿಕ್ರಯವನ್ನು ವಿಡಂಬಿಸಿದ ಈ ಕೃತಿ ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ಗಣಿತವಾಗಿದೆ. ಗುರಜಾಡ ಅಪ್ಪಾರಾಯರ ತೆಲುಗು ‘ಕನ್ಯಾಶುಲ್ಕಂ’ 1892ರಲ್ಲಿಯೂ, ಗೋವಿಂದ ಬಲ್ಲಾಳ ದೇವಲರ ಮರಾಠಿ ‘ಶಾರದಾ’ 1899ರಲ್ಲಿಯೂ ರಂಗಕ್ಕೆ ಬಂದುವು. ಮೂರಕ್ಕೂ ವಸ್ತು ಹಣಕ್ಕಾಗಿ ಹೆಣ್ಣನ್ನು ಮದುವೆ ಮಾಡಿಕೊಡುವ ಪದ್ಧತಿ.

ಇಂಥ ನಾಟಕಗಳು 1876ರ ಕಾಯಿದೆಗೆ ಸಿಕ್ಕಿಕೊಳ್ಳುವ ಜಾತಿಯವಲ್ಲ. ಮನೆಯ ದೋಷವನ್ನು ಮನೆಯವರೇ ಎತ್ತಿ ತೋರಿಸಿದರೆ ಆಳುವವರಿಗೆ ಅದರಿಂದ ಅಪಾಯವಿರಲಿಲ್ಲ. ಅಪಾಯ ಬಂದುದು ನಮ್ಮವರಿಗೇ. 1891ರ ಸಮ್ಮತಿ ವಯಸ್ಸಿನ ಕಾಯಿದೆ ವಿವಾಹಿತ ಬಾಲಿಕೆಯ ವಯೋಮಿತಿಯನ್ನು 10ರಿಂದ 12ಕ್ಕೆ ಏರಿಸಿದಾಗ, ಪರಕೀಯ ಸರಕಾರಕ್ಕೆ ನಮ್ಮ ಮನೆಯೊಳಗೆ ಕೈಹಾಕುವ ಹಕ್ಕಿಲ್ಲವೆಂದು ಲೋಕಮಾನ್ಯ ತಿಲಕರು ವಿರೋಧಿಸಿದರು. ಮನೆ ರಾಜ್ಯದ ಎಲ್ಲೆಯಾಚೆಗಿರಬೇಕೆಂದು ವಾದಿಸಿದ ಈ ಪಕ್ಷದಿಂದಲೇ, ಮನೆಯ ಸ್ತ್ರೀಯನ್ನು ರಾಷ್ಟ್ರದ ಪ್ರತಿಮೆಯಾಗಿಸಿದ ನಾಟಕ ಬಂದಿತು. ಅದೇ ಕೃಷ್ಣಾಜಿ ಪ್ರಭಾಕರ ಖಾಡಿಲಕರರ ‘ಕೀಚಕವಧ’. ಖಾಡಿಲಕರರು ‘ಕೇಸರಿ’ಯಲ್ಲಿ ತಿಲಕರ ಸಹಕಾರಿಗಳಾಗಿದ್ದರು. ನಾಟಕ 1907ರಲ್ಲಿ ರಂಗಕ್ಕೆ ಬಂದಿತು. ವಿರಾಟನ ಮನೆಯಲ್ಲಿ ದಾಸಿಯಾಗಿರುವ ಸೈರಂಧ್ರಿಯನ್ನು ಕೀಚಕನು ಬಯಸುತ್ತಾನೆ. ಧರ್ಮರಾಯನು ತಾಳ್ಮೆಯನ್ನು ಬೋಧಿಸುತ್ತಾನೆ. ಭೀಮನು ಕೀಚಕನನ್ನು ಕೊಲ್ಲುತ್ತಾನೆ. ಕೀಚಕನಲ್ಲಿ ಲಾರ್ಡ್ ಕರ್ಜನರನ್ನು, ದ್ರೌಪದಿಯಲ್ಲಿ ಭಾರತವನ್ನು, ಧರ್ಮರಾಯನಲ್ಲಿ ಮಂದಗಾಮಿಗಳನ್ನು, ಭೀಮನಲ್ಲಿ ತೀವ್ರಗಾಮಿಗಳನ್ನು ಪ್ರೇಕ್ಷಕರು ಕಂಡರು. ವ್ಯಾಲೆಂಟೈನ್ ಚಿರೋಲ್ 1910ರ ತನ್ನ ಗ್ರಂಥದಲ್ಲಿ ಈ ಅನ್ವಯವನ್ನು ಸವಿಸ್ತಾರವಾಗಿ ವಿವರಿಸಿದನು. ಅದೇ ವರ್ಷ ಮುಂಬಯಿ ಸರಕಾರ ನಾಟಕವನ್ನು ನಿಷೇಧಿಸಿತು. ನೀಲದರ್ಪಣದಲ್ಲಿ ಹೆಸರಾಗಿ ಮಾತ್ರ ಬಂದಿದ್ದ ಸೈರಂಧ್ರಿ ಇಲ್ಲಿ ನಾಟಕದ ಕೇಂದ್ರವಾದಳು.

6

ಮನೆಯನ್ನು ರಾಜಕೀಯದ ನೆಲೆಯಾಗಿಸಿದುದರಿಂದ ರಂಗಭೂಮಿಗೆ ಅಪಾರ ಶಕ್ತಿ ಬಂದಿತು. ಕಂದಾಯದ ಲೆಕ್ಕವನ್ನು ಅರಿಯದವನಿಗೂ ಅತ್ತಿಗೆಯ ಕಣ್ಣೀರು ಅರ್ಥವಾಗುತ್ತದೆ. ಆದರೆ ಈ ಶಕ್ತಿಗೆ ತೆತ್ತ ಬೆಲೆಯನ್ನೂ ಇತಿಹಾಸಕಾರನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೀಲದರ್ಪಣದ ಗೃಹ ಸಾಹೇಬರು ಬರುವ ತನಕ ನಿರ್ದೋಷವಾದ ಗೃಹ. ಅದರೊಳಗಿನ ಹೆಂಗಸರಿಗೆ ತಮ್ಮವರಿಂದ ಯಾವ ದೂರೂ ಇಲ್ಲ. ಗಜದಾನಂದದ ಪ್ರಹಸನದಲ್ಲಿ ಅಪಹಾಸ್ಯಕ್ಕೆ ಗುರಿಯಾದುದು ಅಧಿಕಾರಿಗಳ ಓಲೈಕೆ ನಿಜ. ಆದರೆ ಅದನ್ನು ಅಪಹಾಸ್ಯ ಮಾಡಿದ ಸಾಧನ, ಹೆಂಗಸರು ಪರಪುರುಷರ ಕಣ್ಣಿಗೆ ಬೀಳಬಾರದೆಂಬ ನಿಯಮ. ಸ್ವಾತಂತ್ರ್ಯಪ್ರಿಯವಾದ ರಂಗ ಆ ನಿಯಮವನ್ನು ಗಟ್ಟಿಮಾಡಿತು. ಆ ಮನೆಯ ಸ್ತ್ರೀಯರ ಅಭಿಪ್ರಾಯವೇನೆಂದು ಪ್ರಹಸನವೂ ಕೇಳಲಿಲ್ಲ, ಅದನ್ನು ನಿಷೇಧಿಸಿದ ಸರಕಾರವೂ ಕೇಳಲಿಲ್ಲ. ಕೀಚಕವಧದ ದ್ರೌಪದಿ ದೇಶಮಾತೆಯಾದಳು. 1891ರ ಹನ್ನೆರಡು ವರ್ಷದ ಬಾಲಿಕೆಗೆ ಆ ರಂಗದಲ್ಲಿ ಸ್ಥಳ ದೊರೆಯಲಿಲ್ಲ.

ಈ ವಿರೋಧಾಭಾಸ ಅತ್ಯಂತ ಸ್ಪಷ್ಟವಾಗಿ ಕಾಣುವುದು ನಟಿಯರ ಸ್ಥಿತಿಯಲ್ಲಿ. 1873ರಲ್ಲಿ ಕಲ್ಕತ್ತೆಯ ‘ಬೆಂಗಾಲ್ ಥಿಯೇಟರ್’ ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ತೆಗೆದುಕೊಂಡಿತು. ಇತರ ಮಂಡಲಿಗಳೂ ಹಾಗೆಯೇ ಮಾಡಿದುವು. ಬಂದವರೆಲ್ಲ ವೇಶ್ಯಾವಾಟಿಕೆಗಳಿಂದ ಬಂದವರು. ಏಕೆಂದರೆ ‘ಗೃಹಸ್ಥ’ರ ಮನೆಯ ಹೆಂಗಸು ರಂಗದ ಮೇಲೆ ಬರುವಂತಿರಲಿಲ್ಲ. ಮನೆಯ ಮಾನಕ್ಕಾಗಿ ಪ್ರಾಣ ಬಿಡುವ ಸೊಸೆಯರ ಪಾತ್ರವನ್ನು ಆಡಿದವರು, ಅಂಥ ಮನೆಯೊಳಗೆ ಎಂದೂ ಪ್ರವೇಶ ದೊರೆಯದವರು. ರಾತ್ರಿ ಅವರ ಅಭಿನಯಕ್ಕೆ ಕಣ್ಣೀರಿಟ್ಟ ಸಭಾಸದರು ಹಗಲು ಅವರನ್ನು ತಮ್ಮ ಹೊಸ್ತಿಲ ಹತ್ತಿರ ಸೇರಿಸುತ್ತಿರಲಿಲ್ಲ. ವಿನೋದಿನಿಯ ಆತ್ಮಕಥನ ಈ ದೃಷ್ಟಿಯಿಂದ ನೀಲದರ್ಪಣದಷ್ಟೇ ಮುಖ್ಯವಾದ ಆಕರ. ನಾಟಕ ಒಂದು ಮನೆಯ ಗೋಡೆ ಹೊರಗಿನಿಂದ ಬಿದ್ದುದನ್ನು ಹೇಳುತ್ತದೆ. ಆ ಬರೆಹ ಗೋಡೆಯ ಹೊರಗೇ ಉಳಿದವಳ ಮಾತನ್ನು ಹೇಳುತ್ತದೆ.

7

1876ರ ಕಾಯಿದೆ ಬ್ರಿಟಿಷರೊಡನೆ ಹೋಗಲಿಲ್ಲ. 1956ರಲ್ಲಿ ಅಲಹಾಬಾದ್ ಹೈಕೋರ್ಟು ಅದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಹಾಗಿದ್ದರೂ ಕೆಲವು ರಾಜ್ಯಗಳು ಅದೇ ಮಾದರಿಯ ತಮ್ಮ ಕಾಯಿದೆಗಳನ್ನು ಮಾಡಿಕೊಂಡುವು. ನಮ್ಮ ರಾಜ್ಯದ ಕಾಯಿದೆ 1964ರದು. ಕೇಂದ್ರದ ಮೂಲ ಕಾಯಿದೆ ಶಾಸನಗ್ರಂಥದಿಂದ ತೆಗೆದುಹಾಕಲ್ಪಟ್ಟದ್ದು 2018ರಲ್ಲಿ. ಎಂದರೆ ಅದು ಹುಟ್ಟಿದ 142ನೆಯ ವರ್ಷದಲ್ಲಿ. ಒಂದು ಪ್ರಹಸನಕ್ಕೆ ಕೊಟ್ಟ ಉತ್ತರ ಇಷ್ಟು ದೀರ್ಘವಾಗಿ ಬಾಳಿದ ಉದಾಹರಣೆಗಳು ವಿರಳ.

ಹಾಗಾದರೆ ಇಂಥ ನಾಟಕಗಳನ್ನು ಇತಿಹಾಸದ ವಿದ್ಯಾರ್ಥಿ ಹೇಗೆ ಉಪಯೋಗಿಸಬೇಕು? ನೀಲಿಯ ಮುಂಗಡ ಎಷ್ಟಿದ್ದಿತೆಂದು ತಿಳಿಯಲು ಆಯೋಗದ ವರದಿಯನ್ನು ನೋಡಬೇಕು. ನಾಟಕವನ್ನು ಘಟನೆಗಳ ಸಾಕ್ಷಿಯಾಗಿ ಉದ್ಧರಿಸುವುದು ಸರಿಯಲ್ಲ. ಆದರೆ ಅಂದಿನ ಜನ ಯಾವ ಅನ್ಯಾಯವನ್ನು ಕಂಡು ಎದ್ದುನಿಂತರು, ಯಾವುದನ್ನು ಕಂಡರೂ ಕುಳಿತೇ ಇದ್ದರು ಎಂಬುದನ್ನು ಯಾವ ವರದಿಯೂ ಇಷ್ಟು ನಿಖರವಾಗಿ ತಿಳಿಸಲಾರದು. ಆದುದರಿಂದ ಪ್ರತಿಯೊಂದು ಗೃಹನಾಟಕವನ್ನು ಓದುವಾಗಲೂ ಎರಡು ಪ್ರಶ್ನೆಗಳನ್ನು ಕೇಳುವುದು ಉಚಿತ: ಮನೆಯ ಬಾಗಿಲನ್ನು ಹೊರಗಿನಿಂದ ಒಡೆದವರು ಯಾರು, ಒಳಗಿನಿಂದ ಅಗುಳಿ ಹಾಕಿದವರು ಯಾರು? ಮೊದಲನೆಯ ಪ್ರಶ್ನೆಯನ್ನು ನಮ್ಮ ವಿದ್ವಾಂಸರು ಚೆನ್ನಾಗಿ ವಿಚಾರಿಸಿದ್ದಾರೆ. ಎರಡನೆಯದನ್ನು ಕುರಿತು, ಅದರಲ್ಲಿಯೂ ಕನ್ನಡ ವೃತ್ತಿರಂಗಭೂಮಿಯ ಸಾಮಗ್ರಿಯನ್ನು ಆಧರಿಸಿ, ಇನ್ನೂ ಬಹಳಷ್ಟು ಕೆಲಸ ನಡೆಯಬೇಕಾಗಿದೆ.